ನಮ್ಮ ತಂದೆಯವರ ಜೀಪು

ಕಕ್ಕೇರಾದ ನಮ್ಮ ಮನೆಯ ಅಂಗಳದಲ್ಲಿ ಈಗೊಂದು ಹಳೆಯ ಜೀಪು ನಿಂತಿದೆ. ಬೀದಿಯಲ್ಲಿ ಹಾದುಹೋಗುವ ಹಿರಿಯರು ಒಂದು ಕ್ಷಣ ನಿಂತು, 'ಇದು ಪ್ರಾಜೆಕ್ಟಿನ ಜೀಪಲ್ಲೇನು?' ಎಂದು ಕೇಳುತ್ತಾರೆ. ಹುಡುಗರು ಅದಕ್ಕೆ ಬೆನ್ನುಕೊಟ್ಟು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುತ್ತಾರೆ. ಇದನ್ನು ಹುಡುಕುವುದಕ್ಕೆ ನನಗೆ ಸುಮಾರು ಒಂದು ವರ್ಷ, ಓಡುವಂತೆ ಮಾಡುವುದಕ್ಕೆ ಎರಡು ವರ್ಷಗಳ ಮೇಲೆ ಹಿಡಿಯಿತು. ನಿವೃತ್ತ ಶಿಕ್ಷಕನೊಬ್ಬನು ತನ್ನ ಉಪದಾನದ ಹಣವನ್ನು ತುಕ್ಕು ಹಿಡಿದ ಕಬ್ಬಿಣಕ್ಕೆ ಸುರಿದನೆಂದು ಬಂಧುವರ್ಗದಲ್ಲಿ ಆಡಿಕೊಂಡವರುಂಟು. ಅವರ ಮಾತು ಪೂರ್ತಿ ಸುಳ್ಳೇನೂ ಅಲ್ಲ. ಆದರೆ ಈ ಕಬ್ಬಿಣಕ್ಕೆ ನಮ್ಮ ಮನೆತನದ ಒಂದು ಹಳೆಯ ಗಂಟು ಸುತ್ತಿಕೊಂಡಿತ್ತು. ಅದನ್ನು ಬಲ್ಲವರು ಈಗ ಕೆಲವರೇ ಉಳಿದಿರುವುದರಿಂದ ಬರೆದಿಡುವುದು ಲೇಸೆಂದು ತೋರಿತು.

ಪೂಜ್ಯ ತಂದೆಯವರು 1967ರಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಯ ಕೆಲಸಕ್ಕೆ ಜೀಪು ಚಾಲಕರಾಗಿ ಸೇರಿದರು. ಆಲಮಟ್ಟಿಯಲ್ಲಿ 1964ರ ಮೇ ತಿಂಗಳಲ್ಲಿ ಲಾಲಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲು ಇಟ್ಟಿದ್ದರಷ್ಟೆ. ನಮ್ಮ ಸೀಮೆಗೆ ಹತ್ತಿರದ ನಾರಾಯಣಪುರದಲ್ಲಿ, ಇಂದು ಬಸವಸಾಗರವೆಂದು ಕರೆಯಿಸಿಕೊಳ್ಳುವ ಹತ್ತು ಕಿಲೋಮೀಟರಿಗೂ ಉದ್ದದ ಅಣೆಕಟ್ಟು ಪೂರ್ತಿಯಾದದ್ದು 1982ರಲ್ಲಿ. ನಡುವಿನ ಹದಿನೈದು ವರ್ಷ ಎಂಜಿನಿಯರುಗಳು, ಸರಪಳಿ ಹಿಡಿಯುವ ಆಳುಗಳು, ದುರ್ಬೀನಿನಂಥ ಮಟ್ಟಯಂತ್ರಗಳು, ಗೂಟಗಳ ಕಟ್ಟು, ಎಲ್ಲರ ಬುತ್ತಿಗಂಟು ಇವುಗಳನ್ನು ಹೊತ್ತುಕೊಂಡು ನಾರಾಯಣಪುರ, ಕೊಡೇಕಲ್, ಹುಣಸಗಿ, ಕಕ್ಕೇರಾ, ತಿಂಥಣಿಗಳ ಹೊಲಗಳಲ್ಲಿ ತಿರುಗಿದ್ದು ಇಂಥ ಜೀಪುಗಳೇ. ರಸ್ತೆ ಇದ್ದಲ್ಲಿ ಹೋಗುವ ಗಾಡಿ ಬೇರೆ. ರಸ್ತೆ ಎಲ್ಲಿ ಆಗಬೇಕೆಂದು ನೋಡಲು ಹೋಗುವ ಗಾಡಿ ಬೇರೆ.

ಮಳೆಗಾಲದಲ್ಲಿ ನಮ್ಮ ಯರಿ ಭೂಮಿಯ ಗುಣ ವಾಚಕರಿಗೆ ಗೊತ್ತೇ ಇದೆ. ಚಪ್ಪಲಿಗೆ ಹತ್ತಿದ ಮಣ್ಣು ಹತ್ತು ಹೆಜ್ಜೆಗೆ ಸೇರು ತೂಗುತ್ತದೆ, ಬಂಡಿಯ ಗಾಲಿ ಗುಂಬದವರೆಗೆ ಹೂಳುತ್ತದೆ. ಸಾಮಾನ್ಯ ಮೋಟಾರಿನಲ್ಲಿ ಎಂಜಿನ್ನಿನ ಬಲ ಎರಡೇ ಗಾಲಿಗಳಿಗೆ ಹೋಗುತ್ತದೆ. ಅವೆರಡು ಜಾರಿದರೆ ಗಾಡಿ ಕುಳಿತಲ್ಲಿಯೇ ಕೂಡುತ್ತದೆ. ಜೀಪಿನಲ್ಲಾದರೋ ಗೇರು ಪೆಟ್ಟಿಗೆಯ ಬೆನ್ನಿಗೆ ಮತ್ತೊಂದು ಪೆಟ್ಟಿಗೆಯುಂಟು. ಗೇರಿನ ಕೋಲಿನ ಪಕ್ಕದಲ್ಲಿ ಎರಡು ಗಿಡ್ಡ ಕೋಲುಗಳು. ಒಂದನ್ನು ಸರಿಸಿದರೆ ಮುಂದಿನ ಗಾಲಿಗಳಿಗೂ ಬಲ ಕೂಡುತ್ತದೆ. ಇನ್ನೊಂದನ್ನು ಸರಿಸಿದರೆ ವೇಗ ತಗ್ಗಿ ಎಳೆತ ಸುಮಾರು ಎರಡೂವರೆ ಪಟ್ಟು ಹೆಚ್ಚುತ್ತದೆ. ನಾನು ಚಿಕ್ಕವನಿದ್ದಾಗ ತಂದೆಯವರು ಇದನ್ನು ತಿಳಿಸಿಹೇಳಿದ ರೀತಿ ಇನ್ನೂ ನೆನಪಿದೆ: 'ಎರಡು ಎತ್ತು ಎಳೀಲಿಲ್ಲಂದ್ರ ನಾಕು ಕಟ್ಟತೀವಿ. ನಾಕೂ ದಣದ್ರ ಸಾವಕಾಶ ನಡಸ್ತೀವಿ. ಅಷ್ಟ.' ಒಣಗಿದ ಡಾಂಬರು ರಸ್ತೆಯಲ್ಲಿ ಮುಂದಿನ ಗಾಲಿಗಳನ್ನು ಜೋಡಿಸಿ ಓಡಿಸಬಾರದೆಂಬುದನ್ನೂ ಅವರೇ ಹೇಳಿಕೊಟ್ಟರು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸಬೇಕಾಗುತ್ತದೆ. ಮಣ್ಣಿನಲ್ಲಾದರೆ ತುಸು ಜಾರಿ ಸರಿಹೋದೀತು, ಗಟ್ಟಿ ನೆಲದಲ್ಲಿ ಆ ಜಗ್ಗಾಟವೆಲ್ಲ ಗೇರಿನ ಹಲ್ಲುಗಳ ಮೇಲೆ ಬೀಳುತ್ತದೆ.

ಈ ವಾಹನದ ಮೂಲವನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಎರಡನೆಯ ಮಹಾಯುದ್ಧದ ಕಾಲಕ್ಕೆ, 1940ರಲ್ಲಿ, ಅಮೆರಿಕದ ಸೈನ್ಯ ಒಂದು ಹಗುರವಾದ ಗಾಡಿ ಬೇಕೆಂದಾಗ ಮೊದಲ ಮಾದರಿಯನ್ನು ಮಾಡಿಕೊಟ್ಟದ್ದು ಬ್ಯಾಂಟಮ್ ಎಂಬ ಸಣ್ಣ ಕಂಪನಿ. ದೊಡ್ಡ ಬೇಡಿಕೆ ದೊರೆತದ್ದು ಮಾತ್ರ ವಿಲೀಸ್ ಮತ್ತು ಫೋರ್ಡ್ ಕಂಪನಿಗಳಿಗೆ. 1945ರೊಳಗೆ ಅವೆರಡೂ ಕೂಡಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಫೋರ್ಡ್ ಕಂಪನಿಯವರು ತಾವು ಮಾಡಿದ ಬೋಲ್ಟಿನ ತಲೆಯ ಮೇಲೂ 'ಎಫ್' ಅಕ್ಷರವನ್ನು ಒತ್ತುತ್ತಿದ್ದರು. ಸಂಗ್ರಾಹಕರು ಇಂದಿಗೂ ಭೂತಗನ್ನಡಿ ಹಿಡಿದು ಆ ಅಕ್ಷರ ಹುಡುಕುತ್ತಾರೆ. ನಮ್ಮ ದೇಶದಲ್ಲಿ 1945ರಲ್ಲಿ ಸ್ಥಾಪನೆಯಾದ ಮಹೀಂದ್ರಾ ಮತ್ತು ಮೊಹಮ್ಮದ್ ಎಂಬ ಕಂಪನಿ, ಪಾಲುದಾರರಾದ ಗುಲಾಮ್ ಮೊಹಮ್ಮದರು ಪಾಕಿಸ್ತಾನಕ್ಕೆ ಹೋದ ಮೇಲೆ 1948ರಲ್ಲಿ ಮಹೀಂದ್ರಾ ಮತ್ತು ಮಹೀಂದ್ರಾ ಆಯಿತು. ಮೊದಲು ವಿಲೀಸ್ ಕಂಪನಿಯ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸುತ್ತಿದ್ದರು. ಬರಬರುತ್ತ ಇಲ್ಲಿಯೇ ತಯಾರಿಸತೊಡಗಿದರು. ತಂದೆಯವರ ಜೀಪು ಸಿಜೆ-3ಬಿ ಎಂಬ ಮಾದರಿಯದು. ಅದರ ಬಾನೆಟ್ಟು ಉಳಿದ ಜೀಪುಗಳದಕ್ಕಿಂತ ಎತ್ತರ. ಹಳೆಯ ಎಂಜಿನ್ನಿನಲ್ಲಿ ಎಲ್ಲ ವಾಲ್ವುಗಳೂ ಸಿಲಿಂಡರಿನ ಮಗ್ಗುಲಿಗಿದ್ದರೆ ಇದರಲ್ಲಿ ಒಳಗೆಳೆಯುವ ವಾಲ್ವುಗಳನ್ನು ನೆತ್ತಿಗೆ ಏರಿಸಿದರು. ಎಂಜಿನ್ನು ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಅಮೆರಿಕದಲ್ಲಿ ಈ ಮಾದರಿ 1968ಕ್ಕೆ ನಿಂತುಹೋಯಿತು. ನಮ್ಮಲ್ಲಿ ಅದರ ಮೇಲೆಯೂ ಬಹಳ ವರ್ಷ ನಡೆಯಿತು. ಬಿಡಿಭಾಗಗಳು ಈಗಲೂ ಅಷ್ಟಿಷ್ಟು ದೊರೆಯುವುದಕ್ಕೆ ಅದೇ ಕಾರಣ.

ಇನ್ನು ಗಂಟಿನ ಸಂಗತಿ.

1976ರ ಮಾಘ ಮಾಸದ ಒಂದು ದಿನ. ನನಗಾಗ ಹದಿನೈದು ವರ್ಷ. ದೊಡ್ಡಪ್ಪನವರಿಗೆ ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೋಗಿದ್ದೆ. ನಮ್ಮ ಹಿರಿಯರ ಹೊಲ ಎಂಟು ಎಕರೆ; ಹೆಸರಿಗೆ ಇಬ್ಬರದು, ದುಡಿಯುತ್ತಿದ್ದವರು ದೊಡ್ಡಪ್ಪ. ಜೋಳ ತೆನೆ ಹಿಡಿದು ನಿಂತಿತ್ತು. ಬದುವಿನಾಚೆ ಜೀಪು ಬಂದು ನಿಂತಿತು. ಇಳಿದ ಆಳುಗಳು ಸರಪಳಿ ಹರವಿ, ಕಾಲುವೆಯ ಕವಲೊಂದರ ಗುರುತಿಗೆಂದು ನಮ್ಮ ಹುಣಸೆಯ ಮರದ ಬುಡದಲ್ಲಿಯೇ ಗೂಟ ಬಡಿದರು. ಗೆರೆ ಹೊಲವನ್ನು ಓರೆಯಾಗಿ ಸೀಳಿಕೊಂಡು ಹೋಗುತ್ತಿತ್ತು. ದೊಡ್ಡಪ್ಪನವರು ಎಂಜಿನಿಯರರ ಕಡೆಗೆ ನೋಡಲೇ ಇಲ್ಲ. ನೇರವಾಗಿ ಜೀಪಿನ ಬಳಿ ಬಂದು, ಚುಕ್ಕಾಣಿಯ ಹಿಂದೆ ಕುಳಿತಿದ್ದ ತಮ್ಮನನ್ನು ಕೇಳಿದರು: 'ಅಪ್ಪನ ಹೊಲಕ್ಕ ಗೂಟ ಹೊಡಸಾಕ ನೀನ ಗಾಡಿ ತಂದೇನು?'

ತಂದೆಯವರು ಮಾತನಾಡಲಿಲ್ಲ. ದೊಡ್ಡಪ್ಪನವರು ಸೀಟಿನ ಕೆಳಗಿದ್ದ ಹ್ಯಾಂಡಲನ್ನು ಎಳೆದುಕೊಂಡರು. ಮುಂದಿನ ಬಂಪರಿನ ರಂಧ್ರದೊಳಗೆ ತೂರಿಸಿ ಎಂಜಿನ್ನನ್ನು ತಿರುಗಿಸುವ, ಎರಡು ಕಡೆ ಮಡಿಚಿದ ಆ ಕಬ್ಬಿಣದ ಸರಳನ್ನು ಇಂದಿನ ಹುಡುಗರು ನೋಡಿರಲಿಕ್ಕಿಲ್ಲ. ಆ ದಿನಗಳಲ್ಲಿ ಬ್ಯಾಟರಿಯ ಭರವಸೆ ಇರಲಿಲ್ಲ. ಹ್ಯಾಂಡಲ್ ಇಲ್ಲದ ಜೀಪು ಕೀಲಿಕೈ ಇಲ್ಲದ ಬೀಗದಂತೆ. 'ಇದಿಲ್ದ ಹೆಂಗ ಹೋಗ್ತಿ ನೋಡ್ತೀನಿ' ಎಂದು ಅದನ್ನು ಹೆಗಲಿಗಿಟ್ಟುಕೊಂಡು ಊರ ಕಡೆಗೆ ನಡೆದುಬಿಟ್ಟರು. ಸರಪಳಿ ಆಳುಗಳು ಇಳಿಜಾರಿನತ್ತ ಜೀಪನ್ನು ನೂಕಿ ಹೊರಡಿಸಿದರು. ಬುತ್ತಿಗಂಟು ನನ್ನ ಕೈಯಲ್ಲಿಯೇ ಉಳಿಯಿತು.

ಕಾಲುವೆಗೆ ಹೋದದ್ದು 1 ಎಕರೆ 30 ಗುಂಟೆ, ಮತ್ತು ಹುಣಸೆಯ ಮರ. 1982ರಿಂದ ಕಾಲುವೆಯಲ್ಲಿ ನೀರು ಹರಿದು ಸುತ್ತಲಿನವರು ಜೋಳ, ತೊಗರಿ ಬಿಟ್ಟು ಭತ್ತ ಹಚ್ಚಿದರು. ಕೆಲವರ ಮನೆಗೆ ಮಾಳಿಗೆ ಏರಿತು, ಕೆಲವರ ಭೂಮಿ ಜವಳು ಹಿಡಿದು ಹೋಯಿತು. ಎರಡೂ ನಿಜ. ನಮ್ಮ ಎರಡು ಮನೆಗಳ ನಡುವೆ ಮಾತ್ರ ಊಟ ನಿಂತಿತು, ಮಾತು ನಿಂತಿತು. 'ತಮ್ಮ ಸಾಹೇಬರ ಕಡೆಯವನಾದ' ಎಂಬುದು ದೊಡ್ಡಪ್ಪನವರ ಮನೆಯ ಮಾತು. ನಮ್ಮ ಮನೆಯಲ್ಲಿ ಆ ಬಗ್ಗೆ ಮಾತೇ ಇರಲಿಲ್ಲ. 2003ರಲ್ಲಿ ದೊಡ್ಡಪ್ಪನವರು ಲಿಂಗೈಕ್ಯರಾದಾಗ ತಂದೆಯವರು ಹೋಗಿ ಸಮಾಧಿಗೆ ಬಿಲ್ವಪತ್ರೆ, ಮಣ್ಣು ಹಾಕಿ, ಆ ಮನೆಯಲ್ಲಿ ನೀರು ಮುಟ್ಟದೆ ಬಂದರು. ಅಂದು ನಾನು ಆ ಮನೆಯ ತಲಬಾಗಿಲ ಹಿಂದೆ ಒಂದು ವಸ್ತುವನ್ನು ಕಂಡೆ, ಕಂಡೂ ಸುಮ್ಮನಾದೆ.

ತಂದೆಯವರು 1997ರಲ್ಲಿ 58 ವರ್ಷ ತುಂಬಿ ನಿವೃತ್ತರಾದರು. ಜೀಪು ಅದಕ್ಕೂ ಮೊದಲೇ, 1993ರಲ್ಲಿ, ಹರಾಜಿನಲ್ಲಿ ಹೋಗಿತ್ತು. ಅದು ಹೋದ ದಿನ ಸುಡುವುದಕ್ಕೆಂದು ರಾಶಿ ಹಾಕಿದ್ದ ಹಳೆಯ ಕಾಗದಗಳಲ್ಲಿ ಅದರ ಒಂದು ಲಾಗ್ ಪುಸ್ತಕವನ್ನು ಅವರು ಕೇಳಿ ಎತ್ತಿಕೊಂಡು ಬಂದಿದ್ದರು. ಬೇರೆ ಯಾವ ಆಸ್ತಿಯನ್ನೂ ಅವರು ಅಷ್ಟು ಜೋಪಾನ ಮಾಡಿದ್ದನ್ನು ನಾನು ಕಾಣೆ. ನಾನು 2021ರಲ್ಲಿ ನಿವೃತ್ತನಾಗಿ ಊರಿಗೆ ಬಂದಾಗ ಅವರಿಗೆ ನೆನಪಿನ ತೊಡಕು ಸುರುವಾಗಿತ್ತು. ಮೊಮ್ಮಕ್ಕಳ ಹೆಸರು ತಪ್ಪುತ್ತಿದ್ದವು. ಸಂಜೆಯಾದೊಡನೆ, 'ಗಾಡಿ ಎಲ್ಲಿ ನಿಲ್ಸಿದ್ದಿ?' ಎಂದು ಕೇಳುವರು. 'ಗಾಡಿ ಇಲ್ಲಪ್ಪಾ' ಎಂದರೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಆ ಪ್ರಶ್ನೆಗೆ ಒಂದು ಉತ್ತರ ಬೇಕೆಂದೇ ನಾನು ಹುಡುಕಾಟಕ್ಕೆ ಹೊರಟದ್ದು. ಸಂಗ್ರಾಹಕರ ಹವ್ಯಾಸ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಹರಾಜಿನಲ್ಲಿ ಕೊಂಡವರು ಲಿಂಗಸುಗೂರಿನ ಕಡೆಯ ಗುತ್ತಿಗೆದಾರರು. ಅವರಿಂದ ಒಂದು ಇಟ್ಟಿಗೆ ಭಟ್ಟಿಗೆ, ಅಲ್ಲಿಂದ ಶಹಾಪುರದ ಕಡೆಯ ಹತ್ತಿಯ ಗಿರಣಿಯೊಂದಕ್ಕೆ ಹೋಗಿತ್ತು. ಗಿರಣಿಯ ಹಿತ್ತಲಲ್ಲಿ ಜಾಲಿಯ ಪೊದೆಯೊಳಗೆ ಗಾಲಿಗಳಿಲ್ಲದೆ ಕುಳಿತಿದ್ದ ಆ ಆಕೃತಿಯನ್ನು ನೋಡಿದಾಗ ಇದು ನಮ್ಮದೆಂದು ಮನಸ್ಸು ಹೇಳಿತು. ಆದರೆ ಮನಸ್ಸಿನ ಸಾಕ್ಷಿಯನ್ನು ನಂಬಿ ಜೀಪು ಕೊಳ್ಳಲಾಗದು. 1948ರಲ್ಲಿ ನಮ್ಮ ಸರಕಾರವೇ ಸೈನ್ಯಕ್ಕೆಂದು ವಿದೇಶದಲ್ಲಿ ಹಳೆಯ ಜೀಪುಗಳನ್ನು ಕೊಳ್ಳಲು ಹೊರಟು, ಮೊದಲು ಬಂದಿಳಿದ 155 ಜೀಪುಗಳು ಬಳಕೆಗೆ ಬಾರದವೆಂದು ತಿಳಿದು ಪಾರ್ಲಿಮೆಂಟಿನಲ್ಲಿ ಗದ್ದಲವಾಗಿತ್ತು, ನನ್ನಂಥವನ ಪಾಡೇನು! ಸುರಪುರದಿಂದ ಹಿರಿಯ ಮಿಸ್ತ್ರಿಯೊಬ್ಬರನ್ನು ಕರೆದೊಯ್ದಿದ್ದೆ. ಎಪ್ಪತ್ತು ದಾಟಿದವರು, ತಂದೆಯವರನ್ನು ಬಲ್ಲವರು. ಅವರು ಚಾಸಿಯ ತೊಲೆಯನ್ನು ಸೀಮೆಎಣ್ಣೆಯಿಂದ ತೊಳೆದು, ತಂತಿಯ ಕುಂಚದಿಂದ ಉಜ್ಜಿ, ಬಳಪದ ಪುಡಿ ಬಳಿದು ಒರೆಸಿದರು. ತಗ್ಗಿನಲ್ಲಿ ಉಳಿದ ಬಿಳಿಯ ಗೆರೆಗಳಲ್ಲಿ ಅಂಕೆಗಳು ಒಂದೊಂದಾಗಿ ಎದ್ದುಬಂದವು. ಲಾಗ್ ಪುಸ್ತಕದ ಮೊದಲ ಪುಟ ತೆಗೆದು ನಾನು ಓದುತ್ತ ಹೋದೆ, ಅವರು ಬೆರಳಿಡುತ್ತ ಹೋದರು. ಒಂದೂ ತಪ್ಪಲಿಲ್ಲ.

ಅದನ್ನು ಕಂಡ ಗಿರಣಿಯ ಮಾಲೀಕರು ಗುಜರಿಯ ಬೆಲೆ ಬಿಟ್ಟು ಬೇರೆಯ ಬೆಲೆ ಹೇಳಿದರು. 85,000 ರೂಪಾಯಿ ಕೊಟ್ಟೆ. ಅಷ್ಟಕ್ಕೆ ಅವರು ಇನ್ನೊಂದು ಉಪಕಾರವನ್ನೂ ಮಾಡಿದರು. ಪೆಟ್ರೋಲ್ ತುಟ್ಟಿಯಾದ ಕಾಲದಲ್ಲಿ ಎಷ್ಟೋ ಜೀಪುಗಳಿಗೆ ಆದಂತೆ ಇದಕ್ಕೂ ಡೀಸೆಲ್ ಎಂಜಿನ್ನು ಕೂಡಿಸಿದ್ದರು. ತೆಗೆದ ಪೆಟ್ರೋಲ್ ಎಂಜಿನ್ನು ಅವರ ಉಗ್ರಾಣದ ಮೂಲೆಯಲ್ಲಿ ಗೋಣಿಚೀಲಗಳ ಕೆಳಗೆ ಬಿದ್ದಿತ್ತು. ಅದರ ಸಂಖ್ಯೆಯೂ ಪುಸ್ತಕದೊಡನೆ ಹೊಂದಿತು. ಇದು ದೊಡ್ಡ ಭಾಗ್ಯವೆಂದು ಅಂದು ತಿಳಿಯಲಿಲ್ಲ. ಕೇಂದ್ರ ಸರಕಾರ 2021ರಲ್ಲಿ ಮಾಡಿದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ವಾಹನವನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ. ಆದರೆ ಚಾಸಿ, ಮೈಕಟ್ಟು, ಎಂಜಿನ್ನುಗಳು ಮೂಲ ರೂಪದಲ್ಲಿ ಇರಬೇಕು. ಡೀಸೆಲ್ ಎಂಜಿನ್ನಿನೊಡನೆ ಹೋಗಿದ್ದರೆ ಬಾಗಿಲಲ್ಲಿಯೇ ಹಿಂದಿರುಗಬೇಕಿತ್ತು. ಒಂದು ಮಾತು ಇಲ್ಲಿಯೇ ಹೇಳುತ್ತೇನೆ: ಇಂದಿನ ಸರಕಾರಿ ಜೀಪುಗಳಿಗೆ ಇಂಥ ಎರಡನೆಯ ಜನ್ಮ ಇಲ್ಲ. 2023ರ ಏಪ್ರಿಲ್ 1ರಿಂದ, 15 ವರ್ಷ ತುಂಬಿದ ಸರಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ. ಅವು ನೋಂದಾಯಿತ ಕೇಂದ್ರಗಳಲ್ಲಿ ಗುಜರಿಯಾಗಬೇಕು. ಹೊಗೆಯ ದೃಷ್ಟಿಯಿಂದ ಅದು ಸರಿಯಾಗಿಯೇ ಇದ್ದೀತು. ಆದರೂ ಮನಸ್ಸಿಗೆ ಒಂದಿಷ್ಟು ಕಸಿವಿಸಿ.

ದುರಸ್ತಿಯ ಕಥೆ ದೊಡ್ಡದು. ಎರಡು ವರ್ಷದಲ್ಲಿ ಮೊದಲ ಆರು ತಿಂಗಳು ಹೋದದ್ದು ಬಿಚ್ಚುವುದರಲ್ಲಿ. ಮೂವತ್ತು ವರ್ಷದ ತುಕ್ಕು ಹಿಡಿದ ನಟ್ಟು ಪಾನಕ್ಕೆ ಮಣಿಯುವುದಿಲ್ಲ. ಬಲ ಮಾಡಿದರೆ ಮುರಿಯುತ್ತದೆ. ಮಿಸ್ತ್ರಿಯವರು ನಟ್ಟನ್ನು ಕಾಯಿಸಿ, ಮೇಣದ ಬತ್ತಿಯನ್ನು ಅದಕ್ಕೆ ಮುಟ್ಟಿಸುವರು. ಮೇಣ ಕರಗಿ ಎಳೆಗಳ ಸಂದಿನೊಳಗೆ ತಾನಾಗಿ ಇಳಿಯುವುದು; ಆರಿದ ಮೇಲೆ ನಟ್ಟು ಮೆಲ್ಲಗೆ ಸಡಿಲುವುದು. 'ಅವಸರ ಮಾಡಿದ್ರ ಕಬ್ಬಿಣಾನೂ ಸಿಟ್ಟಾಗ್ತದ ಸರ್' ಎನ್ನುತ್ತಿದ್ದರು. ಎಂಜಿನ್ನಿನ ಮೂರನೆಯ ಸಿಲಿಂಡರು ಸಿಕ್ಕಿಕೊಂಡಿತ್ತು. ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಎಣ್ಣೆ ಹಾಕಿ ಹದಿನೈದು ದಿನ ಬಿಟ್ಟು, ದಿನಕ್ಕೊಮ್ಮೆ ಮೆಲ್ಲಗೆ ಅಲುಗಿಸಿ ನೋಡಿದೆವು. ಹದಿನಾರನೆಯ ದಿನ ಒಂದು ಬೆರಳಿನಷ್ಟು ಸರಿಯಿತು. ಮನೆಯವರೆಲ್ಲ ಹೊರಗೆ ಬಂದು ನೋಡಿದರು. ನೋಡಲು ಏನೂ ಇರಲಿಲ್ಲ.

ಬಿಡಿಭಾಗಗಳಿಗಾಗಿ ನಾನು ಮೂರು ಸಲ ಬೆಂಗಳೂರಿಗೆ ಹೋಗಿ ಶಿವಾಜಿನಗರದ ಗುಜರಿ ಅಂಗಡಿಗಳನ್ನೂ ಜೆ.ಸಿ. ರಸ್ತೆಯನ್ನೂ ಸುತ್ತಿದೆ. ದಿಲ್ಲಿಯ ಮಾಯಾಪುರಿಯಲ್ಲಿ ಹಳೆಯ ವಾಹನಗಳನ್ನು ಬಿಚ್ಚಿ ಮಾರುವ ದೊಡ್ಡ ಪೇಟೆಯಿದೆ. ಹರಿಯಾಣದ ಮಂಡಿ ಡಬ್ವಾಲಿ ಎಂಬ ಊರು ಹಳೆಯ ಜೀಪುಗಳನ್ನು ಜೋಡಿಸುವುದಕ್ಕೇ ಹೆಸರಾದದ್ದು. ಅಷ್ಟು ದೂರ ಹೋಗುವ ಚೈತನ್ಯ ನನಗಿಲ್ಲ. ಫೋನಿನ ಮೇಲೆ ದೂರದ ಒಬ್ಬ ವ್ಯಾಪಾರಿಯಿಂದ, ಹಳೆಯ ದಾಸ್ತಾನಿನ ಅಸಲಿ ಮಾಲೆಂಬ ಮಾತು ನಂಬಿ, ಆ ಎರಡನೆಯ ಪೆಟ್ಟಿಗೆಯ ಗೇರುಗಳನ್ನು 14,000 ರೂಪಾಯಿಗೆ ತರಿಸಿದೆ. ಮಿಸ್ತ್ರಿಯವರು ಆ ವಾರ ಊರಲ್ಲಿರಲಿಲ್ಲ. ನನ್ನ ಉತ್ಸಾಹಕ್ಕೆ ಅವರ ಶಿಷ್ಯ ಜೋಡಿಸಿಬಿಟ್ಟ. ಮೊದಲ ಪರೀಕ್ಷೆಯಲ್ಲಿಯೇ ಮೂರು ಹಲ್ಲು ಉದುರಿದವು. ಹಿಂದಿರುಗಿದ ಮಿಸ್ತ್ರಿಯವರು ಉಳಿದ ಗೇರಿನ ಮೇಲೆ ಅರ ಎಳೆದು ತೋರಿಸಿದರು. ಹದ ಕೊಟ್ಟ ಗೇರಿನ ಮೇಲೆ ಅರ ಜಾರಬೇಕು. ಇದರ ಮೇಲೆ ಬೆಣ್ಣೆಯ ಮೇಲೆ ಉಗುರು ಆಡಿದಂತೆ ಕಚ್ಚಿತು. ನಲವತ್ತು ವರ್ಷ ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದಿದವನಿಗೆ ಈ ಒಂದು ಪರೀಕ್ಷೆ ಮಾಡಿ ನೋಡಬೇಕೆಂದು ಹೊಳೆಯಲಿಲ್ಲ. ಕೊನೆಗೆ ಸರಿಯಾದ ಗೇರು ದೊರೆತದ್ದು ರಾಯಚೂರಿನ ಕಡೆಯ ಒಂದು ಹಳ್ಳಿಯಲ್ಲಿ, ಕೋಳಿಗೂಡಿಗೆ ಆಸರೆಯಾಗಿ ನಿಲ್ಲಿಸಿದ್ದ ಜೀಪಿನ ಅಸ್ಥಿಪಂಜರದಲ್ಲಿ.

ಪೆಟ್ರೋಲಿನ ರಬ್ಬರು ಕೊಳವೆಗಳನ್ನೂ ಪಂಪಿನ ಪೊರೆಯನ್ನೂ ಹೊಸದಾಗಿಯೇ ಹಾಕಿಸಬೇಕಾಯಿತು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಹಳೆಯ ರಬ್ಬರಿಗೆ ಅದು ಆಗಿಬರುವುದಿಲ್ಲ. ಬಣ್ಣದ ವಿಷಯದಲ್ಲಿ ನನಗೂ ಮಗನಿಗೂ ವಾದವಾಯಿತು. ಅವನಿಗೆ ಫಳಫಳಿಸುವ ಹಸಿರು ಬೇಕು. ಗಿರಣಿಯ ನೀಲಿ, ಭಟ್ಟಿಯ ಕೆಂಪು ಕೆರೆದಾಗ ಕೆಳಗೆ ಬೂದುಬಣ್ಣ ಕಂಡಿತು. ಅದರಲ್ಲಿ ಇಲಾಖೆಯ ಹೆಸರಿನ ಒಂದೆರಡು ಮಾಸಿದ ಅಕ್ಷರ. ತಂದೆಯವರನ್ನು ಕುರ್ಚಿ ಹಾಕಿ ಹತ್ತಿರ ಕೂಡಿಸಿದೆವು. ಅವರು ಆ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ಮಗ ಹಸಿರಿನ ಮಾತು ಮತ್ತೆ ಎತ್ತಲಿಲ್ಲ.

ಈ ನಡುವೆ ಒಂದು ಮಧ್ಯಾಹ್ನ, ಸೀಟಿನ ಅಳತೆ ಎಲ್ಲಿಯಾದರೂ ಬರೆದಿದೆಯೇ ಎಂದು ಲಾಗ್ ಪುಸ್ತಕವನ್ನು ಮೊದಲಿನಿಂದ ಓದತೊಡಗಿದೆ. ದಿನಾಂಕ, ಹೊರಟ ಸ್ಥಳ, ತಲುಪಿದ ಸ್ಥಳ, ಉದ್ದೇಶ, ಓಡಿದ ದೂರ, ತುಂಬಿದ ಪೆಟ್ರೋಲು, ಅಧಿಕಾರಿಯ ರುಜು. ಪುಟ ಪುಟವೂ ಇದೇ. 1976ರ ಆ ದಿನದ ಸಾಲನ್ನು ಹುಡುಕಿದೆ. 'ನಾರಾಯಣಪುರ – ಕಕ್ಕೇರಾ ಸೀಮೆ – ಮರಳಿ. ಕಾಲುವೆ ಸರ್ವೆ. 82.' ಅಷ್ಟೇ. ತಂದೆಯವರ ಗುಂಡು ಅಕ್ಷರ. ಮಗನಾದ ನನಗೆ ಅಲ್ಲಿ ಇನ್ನೂ ಏನಾದರೂ ಇರಬೇಕೆನ್ನಿಸಿ ಆ ಸಾಲನ್ನು ಮತ್ತೆ ಮತ್ತೆ ನೋಡಿದೆ. ಅದರ ಮರುದಿನದ ಸಾಲಿನಲ್ಲಿ ಅವರದೇ ಕೈಬರಹ: 'ಸ್ಟಾರ್ಟಿಂಗ್ ಹ್ಯಾಂಡಲ್ ದಾರಿಯಲ್ಲಿ ಬಿದ್ದು ಕಳೆದಿದೆ.' ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬೇರೊಬ್ಬರ ಬರಹ: 'ಚಾಲಕನ ಅಲಕ್ಷ್ಯ. 18 ರೂಪಾಯಿ 50 ಪೈಸೆ ವೇತನದಿಂದ ವಸೂಲು.'

ಕಿತ್ತುಕೊಂಡರೆಂದು ಬರೆದಿದ್ದರೆ ಅದು ಸರಕಾರಿ ನೌಕರನ ಕೆಲಸಕ್ಕೆ ಅಡ್ಡಿಯಾಗುತ್ತಿತ್ತು. ಪೋಲೀಸರು ಬರುತ್ತಿದ್ದರು. ದೊಡ್ಡಪ್ಪನವರು ಸುರಪುರದ ಕಚೇರಿಯ ಮೆಟ್ಟಿಲು ಹತ್ತಬೇಕಾಗುತ್ತಿತ್ತು. ನಾನು ಪುಸ್ತಕವನ್ನು ಹಿಡಿದುಕೊಂಡು ತಂದೆಯವರ ಬಳಿ ಹೋದೆ. ಅಂದು ಅವರ ನೆನಪು ತಿಳಿಯಾಗಿತ್ತು. 'ದಾರ್ಯಾಗ ಬಿತ್ತು ಅಂತ ಯಾಕ ಬರದ್ರಿ?' ಎಂದೆ. ಬಹಳ ಹೊತ್ತು ನನ್ನ ಮುಖವನ್ನೇ ನೋಡಿ, 'ಮತ್ತೇನ್ ಬರೀಲಿ?' ಎಂದರು. ತುಸು ತಡೆದು, 'ಇದನ್ನ ಒಯ್ದು ಅವರ ಮನ್ಯಾಗ ತೋರಸಬ್ಯಾಡ' ಎಂದು ಪುಸ್ತಕವನ್ನು ತಮ್ಮ ದಿಂಬಿನ ಕೆಳಗೆ ಇಟ್ಟುಕೊಂಡರು.

ಜೀಪು 2024ರ ದೀಪಾವಳಿಯ ಹೊತ್ತಿಗೆ ಸಿದ್ಧವಾಯಿತು. ಹೊಸ ಬ್ಯಾಟರಿ ಇತ್ತು; ಹ್ಯಾಂಡಲಿನ ಅವಶ್ಯಕತೆ ಇರಲಿಲ್ಲ. ಆದರೂ ಮೊದಲ ಸಲ ಕೈಯಿಂದಲೇ ತಿರುಗಿಸಬೇಕು, ಎಣ್ಣೆ ಎಲ್ಲ ಕಡೆಗೂ ಹರಿಯಲಿ ಎಂದು ಮಿಸ್ತ್ರಿಯವರು ಹಟ ಹಿಡಿದರು. ಬೆಂಗಳೂರಿನಿಂದ ನಾನು ತಂದಿದ್ದ ಹ್ಯಾಂಡಲ್ ಬೇರೆ ಮಾದರಿಯದು; ಅದರ ಕುತ್ತಿಗೆ ಗಿಡ್ಡವಾಗಿ ಎಂಜಿನ್ನಿನ ಮೂಗಿಗೆ ಮುಟ್ಟಲೇ ಇಲ್ಲ. ಮಿಸ್ತ್ರಿಯವರು ಬೇರೊಂದನ್ನು ಬಡಿಸೋಣವೆಂದರು. ನಾನು ಉತ್ತರ ಕೊಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ನಮ್ಮ ಮನೆಯಿಂದ ದೊಡ್ಡಪ್ಪನವರ ಮನೆಗೆ ನೂರೈವತ್ತು ಹೆಜ್ಜೆ. ಆ ನೂರೈವತ್ತು ಹೆಜ್ಜೆ ನಡೆಯುವಾಗ ಎರಡು ಸಲ ಹಿಂದಿರುಗುವ ಮನಸ್ಸಾಯಿತು.

ದೊಡ್ಡಪ್ಪನವರ ಮಗ, ನನಗಿಂತ ನಾಲ್ಕು ವರ್ಷಕ್ಕೆ ಹಿರಿಯವನಾದ ಅಣ್ಣ, ಪಡಸಾಲೆಯಲ್ಲಿ ಕುಳಿತು ತೊಗರಿ ಆರಿಸುತ್ತಿದ್ದ. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ನಾನು ನಿಂತುಕೊಂಡೇ, 'ಜೀಪಿನ ಹ್ಯಾಂಡಲ್ ಬೇಕಾಗಿತ್ತು' ಎಂದೆ. ಅವನು ಎದ್ದು ತಲಬಾಗಿಲ ಹಿಂದಿನಿಂದ ಅಗಳಿಯನ್ನು ತೆಗೆದ. 2003ರಲ್ಲಿ ನಾನು ಕಂಡಿದ್ದ ಅದೇ ವಸ್ತು. ನಲವತ್ತೆಂಟು ವರ್ಷ ರಾತ್ರಿ ರಾತ್ರಿ ಗೋಡೆಯ ತೂತಿಗೆ ಹೋಗಿ ಬಂದು ಅದರ ನೆತ್ತಿ ಬೆಳ್ಳಿಯಂತೆ ಹೊಳೆಯುತ್ತಿತ್ತು, ಎಲ್ಲಿಯೂ ತುಕ್ಕಿರಲಿಲ್ಲ. ಅಣ್ಣ ಅದನ್ನು ಕೈಯಲ್ಲಿಯೇ ಹಿಡಿದುಕೊಂಡು ಹೇಳಿದ: 'ಗುಜರಿಯವರು ಎಷ್ಟೋ ಸಲ ಕೇಳಿದ್ರು. ಅಪ್ಪ ಕೊಡಲಿಲ್ಲ. ಕಾಕಾನ ಪಗಾರದಾಗ ಇದರ ರೊಕ್ಕ ಹಿಡದ್ರು ಅಂತ ಸರಪಳಿ ಆಳು ಅವತ್ತ ಹೇಳಿದ್ದ. ಒಯ್ದು ಕೊಟ್ಟು ಬರ್ತೀನಿ ಅಂತ ಎರಡು ಸಲ ಬಾಗಲ ತನಕಾ ಬಂದಿದ್ದ. ಹೋಗಲಿಲ್ಲ.'

ನಾನು ಮುಚ್ಚಿಡಬೇಕೆಂದಿದ್ದ ಸಂಗತಿ ಆ ಮನೆಗೆ ಮೊದಲೇ ಗೊತ್ತಿತ್ತು. ಏನು ಹೇಳಬೇಕೆಂದು ತೋಚಲಿಲ್ಲ. ಅತ್ತಿಗೆ ಚಹಾ ತಂದಿಟ್ಟರು, ಕುಡಿದೆ.

ಅಣ್ಣ ತಾನೇ ಹ್ಯಾಂಡಲನ್ನು ಹೊತ್ತುಕೊಂಡು ಬಂದ. ಬಂಪರಿನ ರಂಧ್ರದಲ್ಲಿ ಅದು ಸರಾಗವಾಗಿ ಹೋಗಿ ಕಚ್ಚಿಕೊಂಡಿತು. ಅವನು ಮುಷ್ಟಿ ಕಟ್ಟಿ ಹಿಡಿದು ತಿರುಗಿಸಲು ಬಾಗಿದಾಗ, ಕಟ್ಟೆಯ ಮೇಲೆ ಶಾಲು ಹೊದ್ದು ಕುಳಿತಿದ್ದ ತಂದೆಯವರು ಗಟ್ಟಿಯಾಗಿ ಕೂಗಿದರು: 'ಹೆಬ್ಬಟ್ಟು ಸುತ್ತಬ್ಯಾಡ! ಬೆರಳಿನ ಕೂಡ ಇಡು. ಮೇಲಕ್ಕ ಎಳಿ, ಕೆಳಗ ಒತ್ತಬ್ಯಾಡ.' ಎಂಜಿನ್ನು ಹಿಂದಕ್ಕೆ ಒದ್ದರೆ ಸುತ್ತಿದ ಹೆಬ್ಬೆರಳು ಮುರಿಯುತ್ತದೆ. ಚಾಲಕರೆಲ್ಲ ಬಲ್ಲ ಮಾತು. ಅಣ್ಣ ಹೆಬ್ಬೆರಳು ಸರಿಸಿಕೊಂಡ. ನಾಲ್ಕನೆಯ ಸಲಕ್ಕೆ ಎಂಜಿನ್ನು ಕೆಮ್ಮಿತು, ಏಳನೆಯದಕ್ಕೆ ಹತ್ತಿಕೊಂಡಿತು. ಅಂಗಳದ ತುಂಬ ನೀಲಿ ಹೊಗೆ. ತಂದೆಯವರು ಅಣ್ಣನನ್ನು ಬಹಳ ಹೊತ್ತು ನೋಡಿ ದೊಡ್ಡಪ್ಪನವರ ಹೆಸರಿನಿಂದ ಕರೆದರು. ನಾವು ಯಾರೂ ತಿದ್ದಲಿಲ್ಲ. ಅಣ್ಣನೂ ಓಗೊಟ್ಟ.

ನೋಂದಣಿಯ ಕಾಗದಗಳು ಇನ್ನೂ ನಡೆದಿವೆ. ಅವು ಕೈಸೇರಿದರೂ ವಿಂಟೇಜ್ ವಾಹನವನ್ನು ಪ್ರದರ್ಶನ, ದುರಸ್ತಿ ಮುಂತಾದವುಗಳಿಗಲ್ಲದೆ ದಿನಬಳಕೆಗೆ ರಸ್ತೆಗೆ ಇಳಿಸುವಂತಿಲ್ಲ. ತಿಂಗಳಿಗೊಮ್ಮೆ ಅಂಗಳದಲ್ಲಿಯೇ ಕಾಲು ಗಂಟೆ ಎಂಜಿನ್ನು ಓಡಿಸುತ್ತೇವೆ. ತಂದೆಯವರು ಪಕ್ಕದ ಸೀಟಿನಲ್ಲಿ ಕೂಡುತ್ತಾರೆ. ಸಂಜೆ 'ಗಾಡಿ ಎಲ್ಲಿ ನಿಲ್ಸಿದ್ದಿ?' ಎಂದು ಕೇಳಿದರೆ ಕಿಟಕಿ ತೆರೆದು ತೋರಿಸುತ್ತೇವೆ. ಹ್ಯಾಂಡಲ್ ಮಾತ್ರ ನಮ್ಮಲ್ಲಿ ಇಲ್ಲ. ಅಣ್ಣನ ಮನೆಯ ಬಾಗಿಲಿಗೆ ರಾತ್ರಿ ಅಗಳಿ ಬೇಕಲ್ಲ. ಜೀಪು ಹೊರಡಿಸುವ ದಿನ ಅವನೇ ತರುತ್ತಾನೆ, ಊಟ ಮಾಡಿಕೊಂಡು ಒಯ್ಯುತ್ತಾನೆ.